ಹಳ್ಳಕ್ಕೆ ಹೇಳಿದ ಮಾತು

ವೆಸ್ಟ್ ಮಾಂಬಲಂನ ಆ ಮನೆ ಯಾವಾಗ ನೆನಪಾದರೂ ಅಲ್ಲಿ ಮಧ್ಯಾಹ್ನ ಮೂರು ಗಂಟೆಯೇ ಆಗಿರುತ್ತದೆ. ಕರೆಂಟು ಹೋಗಿ, ಫ್ಯಾನಿನ ರೆಕ್ಕೆಗಳು ಕೊನೆಯ ಸುತ್ತನ್ನು ಮುಗಿಸಲೋ ಬೇಡವೋ ಎಂದು ತಡೆದು ತಡೆದು ತಿರುಗುತ್ತಿರುತ್ತವೆ. ಬಾಲ್ಕನಿಯ ಗ್ರಿಲ್ಲಿನ ನೆರಳು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದು, ಒಂದೊಂದೇ ಚೌಕ ಅಡುಗೆಮನೆಯ ಕಡೆಗೆ ಸರಿಯುತ್ತಿರುತ್ತದೆ. ಸ್ಟೇಷನ್ನಿನ ಕಡೆಯಿಂದ ಬಂದ ಲೋಕಲ್ ಟ್ರೈನಿನ ಸದ್ದು ಕಪಾಟಿನ ಸ್ಟೀಲ್ ಡಬ್ಬಿಗಳನ್ನು ಒಂದು ಗಳಿಗೆ ನಡುಗಿಸಿ ಹೋಗುತ್ತದೆ. ಕೆಳಗೆ ಓಣಿಯಲ್ಲಿ ಸೊಪ್ಪಿನವಳು ‘ಕೀರೈ’ ಎಂದು ಕೂಗುತ್ತಾಳೆ. ಆ ಮಾತಿನ ಕೊನೆಯನ್ನು ಅವಳು ಎಷ್ಟು ಉದ್ದಕ್ಕೆ ಎಳೆಯುತ್ತಾಳೆಂದರೆ, ಅದು ಮುಗಿಯುವ ಮೊದಲೇ ನನಗೆ ನಿದ್ದೆ ಬಂದಿರುತ್ತದೆ. ನಿದ್ದೆಯ ಅಂಚಿನಲ್ಲಿ ಇನ್ನೊಂದು ದನಿ ಕೇಳುತ್ತದೆ. ಅದು ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ಅತ್ತೆ ಹಾಡುವ ದನಿ. ಭಾಷೆ ನಮ್ಮದಲ್ಲ. ರಾಗವೂ ನಮ್ಮದಲ್ಲ. ಅತ್ತೆ ಮಾತ್ರ ನಮ್ಮವಳು.

ಅಪ್ಪ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ. ಹಾವೇರಿ ಕಡೆಯ ಚೀಲಗಳನ್ನು ಮದರಾಸಿನ ಅಂಗಡಿಗಳಿಗೆ ಕೊಡಿಸುವುದು ಅವನ ಕೆಲಸ. ಪ್ರತಿವರ್ಷ ಯಾವುದೋ ಲಾರಿ ಕಂಪನಿಯವರು ಕೊಟ್ಟ ಡೈರಿ ಅವನ ಕೈಯಿಂದ ನನ್ನ ಕೈಗೆ ಬರುತ್ತಿತ್ತು. ದಿನಕ್ಕೊಂದು ಪುಟ. ನಾನು ಪ್ರತಿ ಪುಟಕ್ಕೂ ಸ್ಕೇಲಿನಿಂದ ಗೆರೆ ಎಳೆದು ಕಾಲಂ ಮಾಡುತ್ತಿದ್ದೆ. ಎಷ್ಟು ಸಲ ಕರೆಂಟು ಹೋಯಿತು, ಅವ್ವ ಎಷ್ಟು ರೊಟ್ಟಿ ಬಡಿದಳು, ಅಪ್ಪ ಮನೆಗೆ ಬಂದು ಅಂಗಿ ಬದಲಿಸುವುದರೊಳಗೆ ಯಾರು ಎಷ್ಟು ಸಲ ಸೀನಿದರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಹನ್ನೊಂದು ವರ್ಷದ ಹುಡುಗಿಗೆ ಇದೇಕೆ ಬೇಕಿತ್ತು? ಎಣಿಸಿದ್ದು ಕೈಜಾರುವುದಿಲ್ಲ ಎಂದು ಅನ್ನಿಸುತ್ತಿದ್ದಿರಬೇಕು. ಆ ಡೈರಿಗಳು ಈಗಲೂ ನನ್ನ ಹತ್ತಿರ ಇವೆ. ಅವುಗಳ ತಾರೀಖುಗಳನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಅವು ನನಗೆ ಬೇಕಾದಷ್ಟು ಓದುವವರಿಗೆ ಬೇಕಾಗಲಾರವು. ಒಂದು ಕಾಲಂ ಮಾತ್ರ ಬಿಡುವಂತಿಲ್ಲ. ಅದರ ತಲೆಯ ಮೇಲೆ ‘ಹೇಳಿದ್ದು’ ಎಂದು ಬರೆದಿದ್ದೇನೆ.

ನಮ್ಮ ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಮತ್ತು ಗಿರಿಜತ್ತೆ, ಅಂದರೆ ಅಪ್ಪನ ತಂಗಿ, ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಮಾತಾಡುವುದಿದ್ದರೆ ನನ್ನ ಮೂಲಕ. ಆಯಿಯ ಜಾಗ ಅಡುಗೆಮನೆಯ ಬಾಗಿಲ ಪಕ್ಕದ ಮಣೆ. ಅತ್ತೆಯ ಜಾಗ ಬಾಲ್ಕನಿ ಕೋಣೆಯ ಕುರ್ಚಿ. ನಡುವೆ ಒಂದು ಹೂವಿನ ಚಿತ್ರದ ಪರದೆ ಮತ್ತು ನನ್ನ ಹನ್ನೊಂದು ಹೆಜ್ಜೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಅಲ್ಲಿಂದಲೇ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಹೇಳುವ ತನಕ ಅದು ಕೇಳಿಸಿದ ಹಾಗೆ ಅಲ್ಲ.

“ಶೈಲೂ, ನಿಮ್ಮ ಅತ್ತಿಗೆ ಹೇಳು, ಬುತ್ತಿ ಕಟ್ಟಿಟ್ಟೈತಿ ಅಂತ.”

“ಅತ್ತಿ, ಲಂಚ್ ರೆಡಿಯಂತ.”

“ಹೂಂ ಅಂತ ಹೇಳು.”

“ಆಯಿ, ಹೂಂ ಅಂತ.”

ಇದು ಎರಡು ಎಂದು ಲೆಕ್ಕ. ಹೋಗಿದ್ದು ಒಂದು, ಬಂದದ್ದು ಒಂದು. ಸಾಧಾರಣ ದಿನಕ್ಕೆ ಒಂಬತ್ತೋ ಹತ್ತೋ ಆಗುತ್ತಿದ್ದವು. ಸ್ಕೂಲಿನಲ್ಲಿ ತಮಿಳು ಮತ್ತು ಇಂಗ್ಲಿಷ್ ಆಡಿ ಆಡಿ ನನ್ನ ಕನ್ನಡ ಮೊಂಡಾಗಿತ್ತು. ಆಯಿ ಹೇಳಿದ ದೊಡ್ಡ ಮಾತನ್ನು ನಾನು ಚಿಕ್ಕದು ಮಾಡಿ, ನಡುವೆ ಎರಡು ತಮಿಳು ಮಾತು ಹಾಕಿ, ಪೋಸ್ಟಿನವನು ಲಕೋಟೆ ಇಳಿಸಿದ ಹಾಗೆ ಇಳಿಸಿ ಬರುತ್ತಿದ್ದೆ. ಕೆಲಸ ಅಚ್ಚುಕಟ್ಟಾಗಿದೆ ಎಂದು ನನಗೆ ಹೆಮ್ಮೆಯಿತ್ತು.

ಜಗಳದ ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅತ್ತೆಯನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಅಲ್ಲಿಂದ ಅವಳು ಮೂರು ಸಲ ಫೋನು ಮಾಡಿ, ಇಲ್ಲಿ ಇರಲಾರೆ, ಬರಲೇ ಎಂದು ಕೇಳಿದ್ದಳು. ಮೂರು ಸಲವೂ ಫೋನು ಎತ್ತಿಕೊಂಡವಳು ಆಯಿ. ಹೊಂದಿಕೊಂಡು ಹೋಗು ಎಂದು ಮೂರು ಸಲವೂ ಹೇಳಿದಳು. ನಾಲ್ಕನೆಯ ಸಲ ಫೋನು ಬರಲಿಲ್ಲ. ಬೆಳಗಿನ ಆಟೋದಲ್ಲಿ ಒಂದು ಸೂಟ್‌ಕೇಸಿನೊಂದಿಗೆ ಅತ್ತೆಯೇ ಬಂದಳು. ಬಾಗಿಲಲ್ಲಿ ನಿಂತ ಆಯಿಯನ್ನು ನೋಡಿ, “ಮೂರು ಸಲ ಕೇಳಿದೆ. ಇನ್ನ ಕೇಳೂದಿಲ್ಲ” ಎಂದು ಒಳಗೆ ಹೋದಳು. ಅದೇ ಕೊನೆ. ಆಗ ನನಗೆ ಒಂಬತ್ತು ವರ್ಷ. ಆ ದಿನದ ಪುಟದಲ್ಲಿ ಸೀನಿನ ಲೆಕ್ಕ ಬಿಟ್ಟರೆ ಬೇರೇನೂ ಇಲ್ಲ.

ಕಾಲೇಜಿನಲ್ಲಿ ಫ್ರೆಂಚ್ ಓದಿದ್ದ ಅತ್ತೆಗೆ ಹತ್ತಿರದ ಒಂದು ಸ್ಕೂಲಿನಲ್ಲಿ ಅದನ್ನೇ ಕಲಿಸುವ ಕೆಲಸ ಸಿಕ್ಕಿತು. ಮರುವರ್ಷ, ನುಂಗಂಬಾಕ್ಕಂನಲ್ಲಿ ಒಬ್ಬ ಫ್ರೆಂಚ್ ಹೆಂಗಸು ಶನಿವಾರದ ಹಾಡಿನ ಕ್ಲಾಸು ನಡೆಸುತ್ತಾಳೆಂದು ಯಾರೋ ಹೇಳಿದರು. ಅತ್ತೆ ಚಿಕ್ಕವಳಿದ್ದಾಗ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಕರ್ನಾಟಕ ಸಂಗೀತ ಕಲಿತವಳು. ಹುಬ್ಬಳ್ಳಿಯ ಮನೆಯಲ್ಲಿ ಆರು ವರ್ಷ ಬಾಯಿ ಬಿಟ್ಟಿರಲಿಲ್ಲ. ಹೆಂಗಸಿನ ದನಿ ಹೊರಗಿನ ಪಡಸಾಲೆಗೆ ಕೇಳಬಾರದೆಂದು ಅಲ್ಲಿಯವರು ಹೇಳಿದ್ದರಂತೆ. ಒಬ್ಬಳೇ ಹೋಗುವುದು ಬೇಡ, ಶೈಲಾಳನ್ನು ಕರೆದುಕೊಂಡು ಹೋಗು ಎಂದು ಅಪ್ಪ ಒಪ್ಪಿಗೆ ಕೊಟ್ಟ. ಹೀಗೆ ಪ್ರತಿ ಶನಿವಾರ ಮಾಂಬಲಂನಲ್ಲಿ ಟ್ರೈನು ಹತ್ತಿ, ಕೋಡಂಬಾಕ್ಕಂ ದಾಟಿ, ನುಂಗಂಬಾಕ್ಕಂನಲ್ಲಿ ಇಳಿಯುತ್ತಿದ್ದೆವು.

ಎಲ್ಲರೂ ‘ಮದಾಮ್’ ಎಂದು ಕರೆಯುತ್ತಿದ್ದ ಅವರ ಕೋಣೆಗೆ ಎತ್ತರದ ಕಿಟಕಿಗಳಿದ್ದವು. ಹೊರಗಿನ ಮರದ ಹಸಿರು ಬಣ್ಣ ಒಳಗಿನ ಬಿಳಿ ಗೋಡೆಗೆ ಹತ್ತಿದಂತಿರುತ್ತಿತ್ತು. ಮೂಲೆಯಲ್ಲಿ ಉದ್ದನೆಯ ಪೆಟ್ಟಿಗೆಯಂಥ ಒಂದು ವಾದ್ಯ. ಅದು ಹಾರ್ಮೋನಿಯಂ ಅಲ್ಲ, ಪಿಯಾನೋ ಕೂಡ ಅಲ್ಲ. ಬೆರಳಿಡುವ ಮನೆಯೊಂದನ್ನು ಒತ್ತಿದರೆ ಒಳಗೆ ತಂತಿಯನ್ನು ಯಾರೋ ಉಗುರಿನಿಂದ ಮೀಟಿದ ಸದ್ದು, ಬೀಗದ ಕೈಗೊಂಚಲನ್ನು ಮೆಲ್ಲಗೆ ಅಲುಗಿಸಿದ ಹಾಗೆ. ಅವರು ಕಲಿಸುತ್ತಿದ್ದದ್ದು ಮುನ್ನೂರು ವರ್ಷಕ್ಕೂ ಹಿಂದಿನ ಅವರ ದೇಶದ ಹಾಡುಗಳು. ಕಲಿಸುವ ಕ್ರಮ ನಾನು ಕಂಡ ಯಾವ ಸಂಗೀತದ ಕ್ಲಾಸಿನ ಹಾಗೂ ಇರಲಿಲ್ಲ. ಮೊದಲ ಮೂರು ವಾರ ಹಾಡುವಂತೆಯೇ ಇಲ್ಲ. ಪದ್ಯವನ್ನು ಹೇಳಬೇಕು, ಅಷ್ಟೇ. ಕೋಣೆಯ ಆ ತುದಿಯಲ್ಲಿ ಒಬ್ಬರು ಕೂತಿದ್ದಾರೆ, ಅವರಿಗೆ ಮುಟ್ಟುವ ಹಾಗೆ ಹೇಳಿ. ಈಗ ಅವರು ಪಕ್ಕದಲ್ಲೇ ಇದ್ದಾರೆ, ಹೇಳಿ. ಈಗ ಅವರು ಎದ್ದು ಹೊರಟಿದ್ದಾರೆ, ಹೇಳಿ. ಎಲ್ಲಿ ದನಿ ತಾನಾಗಿ ಮೇಲಕ್ಕೆ ಹೋಯಿತೋ ಅಲ್ಲಿ ರಾಗ ಮೇಲೆ ಹೋಗುತ್ತದೆ, ಎಲ್ಲಿ ಮಾತು ನಿಂತಿತೋ ಅಲ್ಲಿ ರಾಗ ನಿಲ್ಲುತ್ತದೆ ಎಂದು ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸುತ್ತಿದ್ದರು. ಆ ಕಾಲದ ಹಾಡುಗಾರರು ನಾಟಕದವರ ಬಾಯಿಯನ್ನು ನೋಡಿ ರಾಗ ಕಟ್ಟುತ್ತಿದ್ದರಂತೆ. ಕಾಗದದಲ್ಲಿ ಸಮನಾಗಿ ಬರೆದ ಎರಡು ಸ್ವರಗಳನ್ನು ಸಮನಾಗಿ ಹಾಡಬಾರದು. ಮಾತಿನಲ್ಲಿ ಒಂದಕ್ಷರ ಉದ್ದ ಒಂದಕ್ಷರ ಗಿಡ್ಡ ಇದ್ದಂತೆ, ಒಂದನ್ನು ತುಸು ತಡೆದು ಇನ್ನೊಂದನ್ನು ಬಿಟ್ಟುಕೊಡಬೇಕು. ದಿನದ ಮಾತಿನಲ್ಲಿ ನುಂಗಿಬಿಡುವ ಕೊನೆಯ ಅಕ್ಷರವನ್ನೂ ಹಾಡಿನಲ್ಲಿ ಉಳಿಸಿ, ಮೆತ್ತಗೆ ಇಳಿಸಬೇಕು. ಇದನ್ನು ಕೇಳಿದಾಗ ನನಗೆ ಸೊಪ್ಪಿನವಳು ನೆನಪಾದಳು. ಹೇಳಲು ಸಂಕೋಚವಾಗಿ ಡೈರಿಯಲ್ಲಿ ಬರೆದುಕೊಂಡೆ.

ವರ್ಷದ ಕೊನೆಗೆ ಮದಾಮ್ ಊರಿಗೆ ಮರಳುವವರಿದ್ದರು. ಹೋಗುವ ಮುಂಚೆ ಅದೇ ಕೋಣೆಯಲ್ಲಿ ಒಂದು ಸಂಜೆ ಹಾಡಿನ ಕಾರ್ಯಕ್ರಮ. ಎಲ್ಲರೂ ಕೂಡಿ ಹಾಡುವವು ಐದು, ಒಬ್ಬರೇ ಹಾಡುವುದು ಒಂದು. ಆ ಒಂದನ್ನು ಮದಾಮ್ ಅತ್ತೆಗೆ ಕೊಟ್ಟರು. ಅವತ್ತು ಟ್ರೈನಿನಲ್ಲಿ ಅತ್ತೆ ಕಿಟಕಿಯ ಕಂಬಿಗೆ ಹಣೆ ಹಚ್ಚಿ ಕೂತಿದ್ದಳು. ಹಾಡಿನಲ್ಲಿ ಏನಿದೆ ಎಂದು ಕೇಳಿದೆ. ಒಬ್ಬ ಹೆಂಗಸು ಒಂದು ಹಳ್ಳದ ದಂಡೆಯಲ್ಲಿ ಕೂತು ಅದಕ್ಕೆ ಹೇಳುತ್ತಾಳೆ, ಮೆಲ್ಲಗೆ ಹರಿ, ನಾನು ಅತ್ತದ್ದು ನಿನಗೆ ಕೇಳಿಸಿತೆಂದು ಯಾರಿಗೂ ಹೇಳಬೇಡ ಎಂದು. ಅಷ್ಟೇ ಎಂದಳು ಅತ್ತೆ. ಅಷ್ಟಕ್ಕೇ ಒಂದು ಹಾಡೇ ಎಂದು ನನಗನ್ನಿಸಿತು. ಮಾಂಬಲಂ ಬಂದದ್ದು ಅತ್ತೆಗೆ ಗೊತ್ತಾಗಲಿಲ್ಲ. ಕೈಹಿಡಿದು ನಾನೇ ಇಳಿಸಿದೆ.

ಇನ್ನು ನನ್ನ ತಪ್ಪು. ಆ ದೇಶದ ಸ್ವರಲಿಪಿ ಅತ್ತೆಗೆ ತಡವರಿಸಿ ತಡವರಿಸಿ ಬರುತ್ತಿತ್ತು. ಐದು ಗೆರೆಗಳ ಮೇಲಿನ ಚುಕ್ಕೆಗಳನ್ನು ಓದುವುದು ನನಗೆ ಸ್ಕೂಲಿನ ಬ್ಯಾಂಡಿನಿಂದಾಗಿ ಅಲ್ಪಸ್ವಲ್ಪ ಗೊತ್ತಿತ್ತು. ನೀನು ಅಚ್ಚುಕಟ್ಟಾಗಿ ಬರೆಯುತ್ತೀಯಲ್ಲ, ಇದನ್ನು ನನಗೆ ತಿಳಿಯುವ ಹಾಗೆ ಬರೆದುಕೊಡು ಎಂದು ಅತ್ತೆ ಜೆರಾಕ್ಸ್ ಹಾಳೆಯನ್ನು ನನ್ನ ಕೈಗಿತ್ತಳು. ನಾನು ಗ್ರಾಫ್ ನೋಟ್‌ಬುಕ್ಕಿನಲ್ಲಿ ಒಂದು ಸಾಲಿಗೆ ಹದಿನಾರು ಚೌಕ ಹಿಡಿದು, ಅಕ್ಷರಕ್ಕೆ ಅಕ್ಷರ ತುಂಬುತ್ತ ಹೋದೆ. ಹಾಳೆಯಲ್ಲಿ ಒಂದು ತೊಂದರೆಯಿತ್ತು. ಎರಡು ಎಣಿಕೆಯ ತಾಳದ ಮನೆಯಾದ ಮೇಲೆ ಮೂರರದು, ಆಮೇಲೆ ನಾಲ್ಕರದು, ಮತ್ತೆ ಮೂರರದು. ನಡುನಡುವೆ ಆ ಎಣಿಕೆಯ ಅಂಕಿಗಳು ಬದಲಾಗುತ್ತಿದ್ದವು. ಒಂದು ಸಾಲಿನ ಹಾಗೆ ಇನ್ನೊಂದು ಸಾಲು ಇಲ್ಲ. ಇಷ್ಟು ಹಳೆಯ ಹಾಡನ್ನು ಯಾರೋ ಗಡಿಬಿಡಿಯಲ್ಲಿ ನಕಲು ಮಾಡಿದ್ದಾರೆ ಎಂದು ತೀರ್ಮಾನಿಸಿ, ನಾನು ಅದನ್ನು ಸರಿಮಾಡಿದೆ. ಅಕ್ಷರ ಕಡಿಮೆ ಬಿದ್ದಲ್ಲಿ ಅಡ್ಡಗೆರೆ ಎಳೆದು ಚೌಕ ತುಂಬಿಸಿದೆ, ಹೆಚ್ಚಾದಲ್ಲಿ ಎರಡನ್ನು ಒಂದೇ ಚೌಕಕ್ಕೆ ತುರುಕಿದೆ. ಕೊನೆಗೆ ಎಲ್ಲ ಸಾಲುಗಳೂ ಗೋಡೆಯ ಇಟ್ಟಿಗೆಗಳ ಹಾಗೆ ಒಂದೇ ಅಳತೆಗೆ ಬಂದವು. ಅತ್ತೆ ಅದನ್ನು ನೋಡಿ ಹಗುರಾದಳು. ತೊಡೆಯ ಮೇಲೆ ಆದಿತಾಳ ಹಾಕುತ್ತ ಎರಡು ವಾರ ಅದರಿಂದಲೇ ಕಲಿತಳು. ಎಷ್ಟು ಸಲ ಹಾಡಿದಳೆಂಬುದು ಡೈರಿಯಲ್ಲಿದೆ: ನೂರಾ ಹನ್ನೆರಡು.

ಮೂರನೆಯ ಶನಿವಾರ ಅವಳು ಮದಾಮ್ ಎದುರು ಹಾಡಿದಳು. ಒಂದೂ ಸ್ವರ ತಪ್ಪಲಿಲ್ಲ. ಮದಾಮ್ ವಾದ್ಯದ ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡರು. ಬಹಳ ಸರಿಯಾಗಿದೆ, ಆದರೆ ಹೀಗೆ ಯಾರೂ ಮಾತಾಡುವುದಿಲ್ಲ ಎಂದರು. ಮುಂದಿನ ಶನಿವಾರ ಇನ್ನೊಮ್ಮೆ ಕೇಳುತ್ತೇನೆ, ಆಗಲೂ ಮಾತು ಬರದಿದ್ದರೆ ಪೋರೂರಿನಿಂದ ಬರುವ ಹುಡುಗನಿಗೆ ಆ ಹಾಡು ಕೊಡಬೇಕಾಗುತ್ತದೆ, ಬೇಸರಪಡಬೇಡ ಎಂದೂ ಹೇಳಿದರು. ಅತ್ತೆ ತಲೆಯಾಡಿಸಿದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡಳು.

ಮನೆಯಲ್ಲಿ ಅವಳು ಜೆರಾಕ್ಸ್ ಹಾಳೆಯನ್ನೂ ನನ್ನ ಗ್ರಾಫನ್ನೂ ಮಂಚದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ನೋಡಿದಳು.

“ಶೈಲೂ, ಇಲ್ಲಿ ಅಂಕಿ ಇದ್ದುವಲ್ಲ, ಎಲ್ಲಿ ಹೋದವು?”

“ನಾನೇ ತೆಗೆದೆ ಅತ್ತಿ. ಒಂದೇ ಸಮ ಇರಲಿಲ್ಲ.”

“ಒಂದೇ ಸಮ ಇರಲಿಲ್ಲ ಅಂತ ತಗದಿ.”

ಬಯ್ಯಲಿಲ್ಲ. ನಾನು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ನನ್ನ ಜಡೆಯ ತುದಿಯನ್ನು ಒಮ್ಮೆ ಎಳೆದು, ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಒಂದು ಕಾಲಮ್ಮಿನಲ್ಲಿ ಬರೆದು ಮುಗಿಸುತ್ತಿದ್ದೆ. ಅವಳಿಗೆ ಸಿಕ್ಕಿದ್ದ ಒಂದೇ ಹಾಡನ್ನು ನಾನು ಕೆಡಿಸಿದ್ದೆ. ಅದನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ತಿಳಿಯದೆ ಅವತ್ತಿನ ಪುಟವನ್ನು ಖಾಲಿ ಬಿಟ್ಟೆ.

ಮರುದಿನ ಭಾನುವಾರ ಬೆಳಿಗ್ಗೆ ಎದ್ದಾಗ ಆಯಿ ಪೂಜೆಗೆ ಕೂತಿದ್ದಳು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು, ಎಡ ಅಂಗೈಯಲ್ಲಿ ಲಿಂಗ. ದಿನವೂ ಅವಳು ಮೂರು ವಚನ ಹೇಳುತ್ತಿದ್ದಳು. ಅವಳು ಹಾಡುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಎದುರಿಗೆ ಕೂತವರ ಜೊತೆ ಮಾತಾಡಿದ ಹಾಗೆ ಶುರುವಾಗಿ, ನಡುವೆ ಎಲ್ಲೋ ದನಿ ನೆಲಬಿಟ್ಟು ಒಂದು ಗೇಣು ಮೇಲಕ್ಕೆ ಏಳುತ್ತಿತ್ತು, ಮತ್ತೆ ಮಾತಿಗೆ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಕೇಳಿ ಕೇಳಿ, ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ಅವತ್ತು ಕೇಳಿದೆ. ಡೈರಿ ತಂದು ಉಸಿರು ಎಣಿಸಿದೆ. ಮೊದಲ ವಚನಕ್ಕೆ ಒಂಬತ್ತು ಉಸಿರು. ಸೋಮವಾರ ಅದೇ ವಚನಕ್ಕೆ ಹನ್ನೊಂದು. ಮಂಗಳವಾರ ಏಳು. ಸಾಲುಗಳು ಅವೇ, ಹೆಂಗಸು ಅವಳೇ. ನಾನು ಡೈರಿ ಹಿಡಿದುಕೊಂಡು ಹೋಗಿ, ಯಾವುದು ಸರಿ ಎಂದು ಕೇಳಿದೆ. ಆಯಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿ, ನನ್ನ ಲೆಕ್ಕವನ್ನು ಗಂಭೀರವಾಗಿ ನೋಡಿದಳು.

“ಸೋಮವಾರ ಮೊಣಕಾಲು ನೋಯ್ತಿತ್ತು. ಇವತ್ತ ನಿಮ್ಮಪ್ಪನ ಮ್ಯಾಲೆ ಸಿಟ್ಟಿತ್ತು. ಮೂರೂ ಸರಿ.”

ಅಷ್ಟು ಹೇಳಿ, ಏಳುವಾಗ ನನ್ನ ಹೆಗಲು ಹಿಡಿದುಕೊಂಡು, ಅಂದಿನ ಮೊದಲ ಸುದ್ದಿಯನ್ನು ನನ್ನ ಕೈಗೆ ಕೊಟ್ಟಳು.

“ನಿಮ್ಮ ಅತ್ತಿಗೆ ಹೇಳು, ಹದಿನೈದು ದಿನದಿಂದ ಕೇಳಾಕತ್ತೀನಿ, ಅದು ಹಾಡೋ, ಮಗ್ಗಿ ಒಪ್ಪಸೂದೋ ಅಂತ.”

ನಾನು ಹನ್ನೊಂದು ಹೆಜ್ಜೆ ಹೋಗಿ ಹೇಳಿದೆ. ಅತ್ತೆಯ ಮುಖ ಕೆಂಪಾಯಿತು. ಗೊತ್ತಿದ್ದವರು ಹಾಡಿ ತೋರಿಸಲಿ ಎಂದು ಹೇಳಿ ಕಳಿಸಿದಳು. ಗೊತ್ತಿಲ್ಲ, ಆದರೆ ಅರ್ಥ ಏನಂತ ಕೇಳು ಎಂದಳು ಆಯಿ. ಅತ್ತೆ ಹೇಳಿದ ಅರ್ಥವನ್ನು ಆಯಿಗೆ ಮುಟ್ಟಿಸಿದೆ. ಹಳ್ಳಕ್ಕೆ ಹೇಳುವ ಮಾತನ್ನು ಹೀಗೆ ಒದರುತ್ತಾರೇನು ಎಂದು ಆಯಿಯ ಮರುಪ್ರಶ್ನೆ ಬಂತು. ಹಾಗಾದರೆ ಹೇಗೆ ಹೇಳುತ್ತಾರೆ? ದಂಡಿಗೆ ಕೂತು, ಬಗ್ಗಿ, ನೀರಿನ ಕಿವಿಗೆ ಹೇಳುತ್ತಾರೆ. ನೀರಿಗೆ ಕಿವಿ ಇದೆಯೇನು? ಅಳು ಕೇಳುತ್ತದೆ ಅಂದಮೇಲೆ ಕಿವಿ ಇರಲೇಬೇಕಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ, ನನ್ನ ಅಂಗಾಲು ಸವೆಯುತ್ತದೆಂದು ಮನೆಯೊಳಗೂ ಚಪ್ಪಲಿ ಹಾಕಿಕೊಂಡು ಓಡಾಡಲು ಹೇಳಿದಳು. ಮಂಗಳವಾರದ ‘ಹೇಳಿದ್ದು’ ಕಾಲಮ್ಮಿನಲ್ಲಿ ಮೂವತ್ತೆಂಟು ಎಂದಿದೆ. ಬುಧವಾರ ಐವತ್ತೆರಡು. ಅತ್ತೆ ನನ್ನ ಗ್ರಾಫನ್ನು ಮಡಿಸಿ ದಿಂಬಿನ ಕೆಳಗಿಟ್ಟಿದ್ದಳು. ಪದ್ಯವನ್ನು ಹಾಡದೆ ಬರೀ ಹೇಳುತ್ತಿದ್ದಳು. ಪರದೆಯ ಈಚೆ ಮಣೆಯ ಮೇಲೆ ಕೂತ ಆಯಿ, ಒಂದಕ್ಷರವೂ ತಿಳಿಯದ ಆ ಭಾಷೆಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎರಡನೆಯ ಸಾಲಿನ ನಡುವೆ ಉಸಿರು ತಗೊಳ್ಳಬ್ಯಾಡಂತ ಹೇಳು. ಮೂರನೆಯದರಲ್ಲಿ ಅವಸರ ಮಾಡಿದಳು ಅಂತ ಹೇಳು. ನಾನು ಹೇಳುತ್ತಿದ್ದೆ. ಆದರೂ ಅತ್ತೆಗೆ ಅದು ಬರುತ್ತಿರಲಿಲ್ಲ. ಶನಿವಾರ ಹತ್ತಿರವಾಗುತ್ತಿತ್ತು, ನಾನು ಹನ್ನೊಂದು ಹೆಜ್ಜೆಯನ್ನು ಎಂಟಕ್ಕೆ ಇಳಿಸಿದ್ದೆ.

ಗುರುವಾರ ಯಾವುದೋ ಹಬ್ಬದ ರಜೆ. ಮಧ್ಯಾಹ್ನ ಕರೆಂಟು ಹೋಯಿತು. ಅವ್ವ ಮಲಗಿದ್ದಳು. ಫ್ಯಾನು ನಿಂತಮೇಲೆ ಮನೆ ನೀರಿನೊಳಗೆ ಇಳಿದ ಹಾಗಾಯಿತು. ಎಲ್ಲವೂ ಸ್ಪಷ್ಟವಾಗಿ, ದೂರದಿಂದ ಕೇಳತೊಡಗಿತು. ಅತ್ತೆ ಕೊನೆಯ ಸಾಲನ್ನು ಹೇಳಿದಳು, ಮತ್ತೆ ಹೇಳಿದಳು. ಆಯಿ ನನ್ನನ್ನು ಕರೆದಳು. ಆ ಫ್ರೆಂಚ್ ಬಿಡು, ಅದನ್ನೇ ನಮ್ಮ ಮಾತಿನಲ್ಲಿ ಒಂದು ಸಲ ಹೇಳಲಿ, ಆಗ ತಿಳಿಯುತ್ತದೆ ಎಂದಳು. ನಾನು ಹೋಗಿ ಹೇಳಿದೆ. ಅತ್ತೆ ತುಸು ಯೋಚಿಸಿ, ಒಂದು ಚೀಟಿಯಲ್ಲಿ ಬರೆದು ನನಗೆ ಕೊಟ್ಟಳು. ನಾನು ಪರದೆ ಸರಿಸಿ ಬಂದು, ಮಣೆಯ ಮುಂದೆ ನಿಂತು ಓದಿದೆ.

“ಹಳ್ಳಾ, ಸಾವಕಾಶ ಹರಿ. ನಾ ಅತ್ತದ್ದು ನಿನಗ ಕೇಳಿಸೇತಿ ಅಂತ ಯಾರ ಮುಂದೂ ಹೇಳಬ್ಯಾಡ.”

ಹಾಜರಿ ಕರೆದ ಹಾಗೆ ಓದಿದ್ದೆ. ಆಯಿ ಕಣ್ಣು ಮುಚ್ಚಿದವಳು ತೆರೆಯಲಿಲ್ಲ.

“ಹಿಂಗ ಅಂದಳೇನು ಅಕಿ?”

“ಹಿಂಗೇ ಬರೆದಾಳ.”

“ಬರದದ್ದಲ್ಲ. ಹೆಂಗ ಅಂದಳು?”

ಚೀಟಿಯನ್ನು ತಿರುಗಿಸಿ ನೋಡಿದೆ. ಹಿಂದೆಯೂ ಏನೂ ಇರಲಿಲ್ಲ. ಎರಡು ವರ್ಷ ನಾನು ಅತ್ತಿಂದಿತ್ತ ಹೊತ್ತದ್ದೆಲ್ಲ ಹೀಗೇ ಇತ್ತೆಂದು ಆಗ ಹೊಳೆಯಿತು. ನಿಮ್ಮ ಅತ್ತಿ ಉಂಡಳೇನು ಕೇಳು ಎಂದು ಆಯಿ ಮೆಲ್ಲಗೆ, ಕೊನೆಯನ್ನು ಸ್ವಲ್ಪ ಎಳೆದು ಹೇಳಿದ್ದನ್ನು ನಾನು ‘ಸಾಪ್ಟಾಚಾ ಅಂತ’ ಎಂದು ಒಂದೇ ಉಸಿರಿನಲ್ಲಿ ಅತ್ತೆಯ ಮುಂದೆ ಹಾಕಿದ್ದೆ. ಅತ್ತೆ ಒಂದು ಗಳಿಗೆ ತಡೆದು ಹೂಂ ಅಂದದ್ದನ್ನು ಆ ತಡೆಯುವಿಕೆಯಿಲ್ಲದೆ ತಂದು ಒಪ್ಪಿಸಿದ್ದೆ. ಅಂಕಿ ತೆಗೆದ ಹಾಡಿನ ಹಾಗೆ. ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಅಲ್ಲಿಂದಲೇ, ಯಾರಿಗೆಂದು ಹೇಳದೆ, ಆ ಮಾತನ್ನು ತಾನೇ ಹೇಳಿದಳು. ‘ಹಳ್ಳಾ’ ಎಂಬಲ್ಲಿ ದನಿ ಏಳಲಿಲ್ಲ, ಒಂದಿಷ್ಟು ಬಾಗಿತು. ‘ಅತ್ತದ್ದು’ ಎಂಬಲ್ಲಿ ಅವಳು ನಿಲ್ಲಬಾರದಿತ್ತು, ನಿಂತಳು. ‘ಹೇಳಬ್ಯಾಡ’ದ ಕೊನೆಯ ಅಕ್ಷರ ಎಲ್ಲಿ ಮುಗಿಯಿತೋ ನನಗೆ ಕೇಳಿಸಲಿಲ್ಲ. ಕೆಳಗೆ ಓಣಿಯಲ್ಲಿ ಸೈಕಲ್ಲಿನ ಬೆಲ್ಲು ಒಂದು ಸಲ ಕೇಳಿಸಿತು.

ಆಯಿ ನನ್ನನ್ನು ನೋಡಿದಳು. ಹೇಳು ಎಂದು ಶುರುಮಾಡಲು ಬಾಯಿ ತೆರೆದಳು. ಆಮೇಲೆ ನನ್ನ ಹೆಗಲಿನ ಮೇಲಿಂದ ಪರದೆಯ ಕಡೆ ನೋಡಿ ಹೇಳಿದಳು.

“ಫೋನಿನ್ಯಾಗ ನೀ ಅತ್ತದ್ದು ನನಗ ಕೇಳಿಸಿತ್ತು, ಗಿರಿಜಾ.”

ಗ್ರಿಲ್ಲಿನ ನೆರಳಿನ ಒಂದು ಚೌಕ ಆಯಿಯ ಕಾಲ ಬೆರಳನ್ನು ಮುಟ್ಟಿತ್ತು.

“ನಾ ಅತ್ತಿರಲಿಲ್ಲ. ಬರೀ ಕೇಳಿದ್ದೆ, ಬರಲೇನು ಅಂತ.”

“ಹೂಂ. ಕೇಳಿದ್ದಕ್ಕ ಉತ್ತರಾ ಕೊಟ್ಟೆ. ಅತ್ತದ್ದಕ್ಕ ಕೊಡಲಿಲ್ಲ. ಮೂರು ಸಲಾನೂ.”

ಅತ್ತೆ ಪರದೆ ಸರಿಸಿ ಬಂದಳು. ಅವಳು ಆಯಿಯ ಕಾಲಿಗೆ ಬೀಳಲಿಲ್ಲ. ಆಯಿ ಅವಳ ತಲೆ ಸವರಲಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಮಂಡಿ ಮಡಚಿ ಕೂತು, ಕೊನೆಯ ಸಾಲಿನಲ್ಲಿ ಎಲ್ಲಿ ಉಸಿರು ತಗೊಳ್ಳಬೇಕು ಎಂದು ಕೇಳಿದಳು. ಆಯಿ, ‘ಅತ್ತದ್ದು’ ಮುಗಿಯುವ ತನಕ ತಗೋಬ್ಯಾಡ, ಅಲ್ಲಿ ತಗೊಂಡರೆ ಅಳು ಬಂದಂಗ ಕೇಳತೈತಿ, ಅಕಿ ಅಳಬಾರದು, ಅತ್ತು ಮುಗಿಸ್ಯಾಳ ಎಂದಳು. ಅತ್ತೆ ಫ್ರೆಂಚಿನಲ್ಲಿ ಹೇಳಿ ತೋರಿಸಿದಳು. ಇನ್ನೊಮ್ಮೆ ಎಂದಳು ಆಯಿ. ಇಬ್ಬರಿಗೂ ಬೇಡವಾದ ನಾನು ಚೀಟಿ ಹಿಡಿದುಕೊಂಡು ನಿಂತೇ ಇದ್ದೆ. ಕರೆಂಟು ಬಂದು ಫ್ಯಾನು ತಿರುಗಿದಾಗ ಮೂವರೂ ಮೇಲೆ ನೋಡಿದೆವು.

ಆ ಶನಿವಾರ ಮದಾಮ್ ಹಾಡನ್ನು ಕೊನೆಯವರೆಗೆ ಕೇಳಿ, ಯಾರು ಕಲಿಸಿದರು ಎಂದು ಮಾತ್ರ ಕೇಳಿದರು. ಅತ್ತೆ, ನನ್ನ ತಾಯಿ ಎಂದಳು. ನಿಮ್ಮ ತಾಯಿಗೆ ಫ್ರೆಂಚ್ ಬರುತ್ತದೆಯೇ ಎಂದು ಅವರು ಹುಬ್ಬೇರಿಸಿದರು. ಇಲ್ಲ, ಮಾತು ಬರುತ್ತದೆ ಎಂದು ಅತ್ತೆ ಇಂಗ್ಲಿಷಿನಲ್ಲಿ ಹೇಳಿದಳು. ಮದಾಮ್ ಅದನ್ನು ಅರ್ಥಮಾಡಿಕೊಂಡರೋ ಇಲ್ಲವೋ, ಹಾಡು ಅತ್ತೆಯ ಹತ್ತಿರವೇ ಉಳಿಯಿತು.

ಕಾರ್ಯಕ್ರಮದ ದಿನ ಅಪ್ಪ ಮೆಣಸಿನಕಾಯಿಯ ವಾಸನೆಯಿಲ್ಲದ ಹೊಸ ಅಂಗಿ ಹಾಕಿಕೊಂಡ. ಆಯಿ ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಎತ್ತರದ ಕಿಟಕಿಗಳ ಆ ಕೋಣೆಯಲ್ಲಿ ಎರಡನೆಯ ಸಾಲಿನ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ನಾನು ಪಕ್ಕದಲ್ಲಿ ಡೈರಿ ಬಿಚ್ಚಿಕೊಂಡಿದ್ದೆ. ಎರಡು ಕಾಲಂ ಮೊದಲೇ ಗೆರೆ ಹಾಕಿ ತಂದಿದ್ದೆ: ಉಸಿರು, ತಪ್ಪು. ತಾಲೀಮಿನಲ್ಲಿ ಉಸಿರು ಹದಿಮೂರಕ್ಕೆ ನಿಂತಿತ್ತು. ಅತ್ತೆ ಬಂದು ವಾದ್ಯದ ಪಕ್ಕ ನಿಂತಳು. ತಾಳ ಹಾಕಲು ಕೈ ತೊಡೆಯ ಕಡೆ ಹೋಗಲಿಲ್ಲ. ಹೊರಗೆ ಸಂಜೆಯ ಬೆಳಕು ಮರದಿಂದ ಸೋಸಿ ಅವಳ ಸೀರೆಯ ಮೇಲೆ ಬಿದ್ದಿತ್ತು. ಬೀಗದ ಕೈಗೊಂಚಲು ಅಲುಗಿದಂಥ ಸದ್ದು ಶುರುವಾಯಿತು, ಅವಳು ಬಾಯಿ ತೆರೆದಳು, ಮತ್ತು ಆರು ವರ್ಷ ಪಡಸಾಲೆಗೆ ಕೇಳದಿದ್ದ ದನಿ ಆ ಕೋಣೆಯ ಕೊನೆಯ ಸಾಲಿನವರೆಗೂ, ಒಬ್ಬೊಬ್ಬರ ಕಿವಿಯಲ್ಲಿ ಹೇಳಿದ ಹಾಗೆ ಹೋಗಿ ಮುಟ್ಟಿತು. ಎಣಿಸುತ್ತಲೇ ಇದ್ದೆ. ಕೊನೆಯ ಸಾಲು ಬಂತು. ತಗೊಳ್ಳಬೇಡ ಎಂದಿದ್ದ ಜಾಗದಲ್ಲೇ, ಫ್ರೆಂಚಿನಲ್ಲಿ ‘ಅತ್ತದ್ದು’ ಎಂಬ ಮಾತು ಇರುವಲ್ಲೇ, ಅತ್ತೆ ನಿಂತು ಉಸಿರು ತಗೊಂಡಳು. ನನ್ನ ಪೆನ್ಸಿಲ್ಲು ‘ತಪ್ಪು’ ಕಾಲಮ್ಮಿನ ಮೇಲೆ ತಡೆಯಿತು. ನಾನು ಆಯಿಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಮೊಣಕೈ ಹಿಡಿದಳು.

“ಇರಲಿ. ಅಕಿಗೆ ಇವತ್ತ ಉಸಿರು ಅಲ್ಲೇ ಬಂತು.”

ಮನೆಗೆ ಬರುವ ಟ್ರೈನಿನಲ್ಲಿ ಜನ ಕಡಿಮೆಯಿದ್ದರು. ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಆಯಿ ಮತ್ತು ಅತ್ತೆ ಎದುರುಬದುರು ಕೂತಿದ್ದರು, ನಡುವೆ ನಾನಿರಲಿಲ್ಲ. ಕೋಡಂಬಾಕ್ಕಂ ದಾಟಿದ ಮೇಲೆ ಆಯಿ ಮುಂದಕ್ಕೆ ಬಗ್ಗಿ, ಹಸಿವಾತೇನು ಎಂದು ಕೇಳಿದಳು. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದಳು. ಅತ್ತೆ ಆ ಅಕ್ಷರ ಮುಗಿಯುವ ತನಕ ಕಾದು ಹೂಂ ಅಂದಳು. ನಾನು ಕಿಟಕಿಯ ಬೆಳಕಿನಲ್ಲಿ ಆ ದಿನದ ಪುಟ ತುಂಬಿದೆ. ಅಕ್ಷರ ಟ್ರೈನಿಗೆ ಅಲುಗಿ ಸೊಟ್ಟಗಾಗಿದೆ, ಆದರೆ ಓದಲು ಬರುತ್ತದೆ. ಹೇಳಿದ್ದು: ಸೊನ್ನೆ. ಉಸಿರು: ಹದಿನಾಲ್ಕು. ತಪ್ಪು: ಸೊನ್ನೆ.